ಐಗಿಲ್ ಕಿವಿಯಿಂದ ಕಿತ್ತು ಹಾಕಿದ್ದು

ಐಗಿಲ್ ಸ್ಕೋವ್‌ಬೋ ಮೂವತ್ತೊಂದು ವರ್ಷ ಹಂದಿ ಕಸಾಯಿಖಾನೆಯಲ್ಲಿ ಗರಗಸದ ಮುಂದೆ ನಿಂತು ದುಡಿದವನು. ಆ ಗರಗಸದ ಸದ್ದು ಅವನ ಎರಡೂ ಕಿವಿಗಳನ್ನು ತಿಂದುಹಾಕಿತು. ಕಂಪನಿ ಒಂದು ಹೂಗುಚ್ಛ ಕೊಟ್ಟು ಮನೆಗೆ ಕಳಿಸಿತು. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ತನ್ನದು ಅಂತ ಉಳಿದದ್ದು ವರ್ಷಕ್ಕೆ ನಾಲ್ಕೇ ದಿನ. ಏಪ್ರಿಲ್ ಥಂಡಿಯಲ್ಲಿ ಡೆನ್ಮಾರ್ಕಿನ ಸೊನ್ನರ್‌ಬೋರ್ ಪಕ್ಕದ ಕೆಸರು ಹೊಲದಲ್ಲಿ ಗುಡಾರ ಹಾಕಿ, 1864ರ ಯುದ್ಧವನ್ನು ಜನರೆದುರು ಮತ್ತೆ ಆಡಿ ತೋರಿಸುವ ಶಿಬಿರದಲ್ಲಿ ಡೇನಿಷ್ ಸಿಪಾಯಿಯಾಗಿ, ಪ್ರಷ್ಯನ್ನರ, ಅಂದರೆ ಆ ಕಾಲದ ಜರ್ಮನ್ನರ ವೇಷದವರ ಕೈಲಿ ಸೋಲುವ ನಾಲ್ಕು ದಿನ. ಶಿಬಿರದಲ್ಲಿ ಅವನು ಕಾರ್ಪೊರಲ್. ಹನ್ನೊಂದು ಜನ ಅವನ ಒಂದು ಮಾತಿಗೆ ಸಾಲಾಗಿ ನಿಲ್ಲುತ್ತಿದ್ದರು. ಅಂಥ ಮರ್ಯಾದೆ ಅವನಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ.

ಅಲ್ಲೊಂದು ಪದ್ಧತಿಯಿತ್ತು, ಯಾರೂ ಎಲ್ಲೂ ಬರೆದಿಟ್ಟದ್ದಲ್ಲ. ಬೆಳಗಿನ ಹಾಜರಿಗೆ ಮುಂಚೆ ಬೆತ್ತದ ಬುಟ್ಟಿಯೊಂದು ಸಾಲಿನುದ್ದಕ್ಕೂ ಬರುತ್ತಿತ್ತು. ಆ ಕಾಲದಲ್ಲಿ ಇಲ್ಲದ್ದೆಲ್ಲ ಅದಕ್ಕೆ ಬೀಳಬೇಕು: ಫೋನು, ಕೈಗಡಿಯಾರ, ಪ್ಲಾಸ್ಟಿಕ್ ಚೌಕಟ್ಟಿನ ಕನ್ನಡಕ. ಬುಟ್ಟಿ ಹಿಡಿಯುವವನು ಐಗಿಲ್. ತನ್ನ ಶ್ರವಣಯಂತ್ರಗಳನ್ನು ಎಲ್ಲರಿಗಿಂತ ಮೊದಲು ಕಿತ್ತು ಹಾಕಿ ಶುರುಮಾಡುತ್ತಿದ್ದ. ಹಿಂದಿನ ವರ್ಷ ಒಬ್ಬ ಕನ್ನಡಕ ಬಿಡಲು ಹಿಂದೆಮುಂದೆ ನೋಡಿದ್ದಕ್ಕೆ, “ಪ್ರಷ್ಯನ್ನರು ಕಾಣಿಸ್ದೇ ಇದ್ರೆ ಹೆದರಿಕೇನೂ ಕಮ್ಮಿ ಕಣಯ್ಯಾ, ಹಾಕು ಒಳಗೆ” ಅಂದಿದ್ದ. ಸಾಲೆಲ್ಲ ನಕ್ಕಿತ್ತು.

ಇಂಥ ಶಿಬಿರಗಳಲ್ಲಿ ಮದ್ದು ತುರುಕುವ ಕಬ್ಬಿಣದ ಸರಳನ್ನು ಕಾಳಗದ ಹೊತ್ತಿಗೆ ನಳಿಗೆಯ ಕೆಳಗಿನ ಅದರ ಜಾಗದಿಂದ ಹೊರಗೆ ಎಳೆಯುವ ಹಾಗೇ ಇಲ್ಲ; ನಳಿಗೆಯೊಳಗೆ ಮರೆತರೆ ಅದೇ ಬಾಣವಾಗಿ ಹಾರುತ್ತದೆ. ನಳಿಗೆಗೆ ಬರೀ ಮದ್ದು ಸುರಿದು, ಎದುರಿನವರ ತಲೆಯ ಮೇಲಕ್ಕೆ ಹಾರಿಸಬೇಕು. ಆ ವರ್ಷ ನೋಡಲು ಜನ ಜಾಸ್ತಿ ಸೇರಿದ್ದರು. ವಾರಕ್ಕೆ ಐದು ದಿನ ಊರವರ ಹಲ್ಲು ಕೀಳುವ ಪ್ರೆಬೆನ್ ಲಾಸ್ಸನ್ ಇಲ್ಲಿ ಕ್ಯಾಪ್ಟನ್. ಮೊದಲನೇ ಸುತ್ತಿಗೆ ಸರಳು ಹಾಕಿಯೇ ತುಂಬೋಣ, ನೋಡೋಕೆ ಚೆನ್ನಾಗಿರುತ್ತೆ ಅಂತ ಅವನು ಅಪ್ಪಣೆ ಕೊಟ್ಟ. ಮೊದಲ ಸುತ್ತು ಮುಗಿದ ಕೂಡಲೇ ಸರಳುಗಳನ್ನು ನೆಲಕ್ಕಿಡಿ ಎಂದು ಕೂಗಿದ. ಎಲ್ಲರೂ ಇಟ್ಟರು. ಹೊಗೆಯೊಳಗೆ ಐಗಿಲ್‌ಗೆ ಪಕ್ಕದವನೂ ಕಾಣಲಿಲ್ಲ, ಕ್ಯಾಪ್ಟನ್ನನ ಕೂಗೂ ಕೇಳಲಿಲ್ಲ. ಅವನು ಎರಡನೇ ಸಲವೂ ಮದ್ದು ಸುರಿದು, ಸರಳಿನಿಂದ ತುರುಕಿ, ಅವಸರದಲ್ಲಿ ಅದನ್ನು ನಳಿಗೆಯಲ್ಲೇ ಬಿಟ್ಟು ಹಾರಿಸಿದ.

ಪ್ರಷ್ಯನ್ನರು ಅಷ್ಟರಲ್ಲಿ ದಿಬ್ಬ ಹತ್ತಿದ್ದರು. ಮೇಲಕ್ಕೆತ್ತಿದ ಕೋವಿ ಸರಿಯಾಗಿ ಅವರ ಎದೆಮಟ್ಟಕ್ಕೇ ಇತ್ತು. ಸರಳು ತಗುಲಿ ಬಿದ್ದವನು ಡೆಟ್ಲೆಫ್ ಹಾರ್ಮ್‌ಸನ್, ಫ್ಲೆನ್ಸ್‌ಬುರ್ಗಿನ ಭೂಗೋಳದ ಮೇಷ್ಟ್ರು, ಗಡಿಯಾಚೆಯ ಜರ್ಮನಿಯಿಂದ ಪ್ರಷ್ಯನ್ ಪಾಳೆಯಕ್ಕೆ ಬರುವವನು. ಹನ್ನೊಂದು ವರ್ಷದಿಂದ ಸಂಜೆಯಾದರೆ ಐಗಿಲ್ ಜೊತೆ ಒಂದೇ ಪಾತ್ರೆಯ ಬಟಾಣಿ ಸಾರು ಹಂಚಿಕೊಂಡವನು. “ಈ ವರ್ಷವಾದ್ರೂ ಗೆಲ್ರೋ ಮಾರಾಯ, ನಮಗೂ ಗೆದ್ದು ಗೆದ್ದು ಬೇಜಾರಾಗಿದೆ” ಎಂದು ಹಿಂದಿನ ಸಂಜೆ ತಾನೇ ರೇಗಿಸಿದ್ದ.

ಅವನು ಬಿದ್ದ ರೀತಿಗೆ ಜನ ಚಪ್ಪಾಳೆ ತಟ್ಟಿದರು. ಹೌದು, ಚಪ್ಪಾಳೆ. ಶಿಬಿರದ ದಾದಿ ಕೆಂಪು ಬಣ್ಣ ಬಳಿದ ಬಟ್ಟೆ ಹಿಡಿದು ಓಡಿಬಂದು, ತನ್ನ ಪಾತ್ರವನ್ನು ಆಡುತ್ತ ಮಂಡಿಯೂರಿ ಕೂತವಳು, ಬಟ್ಟೆಯನ್ನು ಕೈಬಿಟ್ಟು ಕಿರುಚಿದಳು. ಅವಳ ಕಿರುಚಾಟಕ್ಕೂ ಒಂದು ಸುತ್ತು ಚಪ್ಪಾಳೆ ಬಿತ್ತು. ಆಂಬುಲೆನ್ಸ್ ಆಸ್ಪತ್ರೆ ಮುಟ್ಟುವ ಮೊದಲೇ ಡೆಟ್ಲೆಫ್ ಸತ್ತ.

ಮರುದಿನ ಪ್ರೆಬೆನ್ ಐಗಿಲ್‌ನ ಅಡುಗೆಮನೆಗೆ ಬಂದು ಕೂತ. ಸಮವಸ್ತ್ರ ತೆಗೆದಿದ್ದ, ಕ್ಯಾಪ್ಟನ್ನನ ದನಿ ತೆಗೆದಿರಲಿಲ್ಲ.

“ನೋಡು ಐಗಿಲ್, ಕಿವಿ ಮಿಷನ್ನು ಮನೇಲೇ ಮರ್ತು ಬಂದಿದ್ದೆ ಅಂತ ಹೇಳು. ವಯಸ್ಸಾದೋರು ಮರೀತಾರೆ, ಯಾರೂ ತಪ್ಪು ತಿಳಿಯಲ್ಲ. ಬುಟ್ಟಿ ಸುದ್ದಿ ಎತ್ತಿದ್ಯೋ, ಶಿಬಿರ ಅಲ್ಲಿಗೆ ಮುಗೀತು. ಬಾಯಿ ಮುಚ್ಕೊಂಡಿದ್ರೆ ಮುಂದಿನ ಏಪ್ರಿಲ್‌ಗೂ ನೀನೇ ಕಾರ್ಪೊರಲ್.”

ಐಗಿಲ್ ಎರಡು ದಿನ ಒದ್ದಾಡಿದ. ಒಂದು ಚಿಕ್ಕ ಸುಳ್ಳು ಹೇಳಿದರೆ ಆ ನಾಲ್ಕು ದಿನ ಅವನಿಗೆ ಉಳಿಯುತ್ತಿದ್ದವು. ಆದರೆ ಮುಂದಿನ ಏಪ್ರಿಲ್‌ನಲ್ಲಿ ಅದೇ ಬುಟ್ಟಿ ಹಿಡಿದು ಅದೇ ಸಾಲಿನ ಮುಂದೆ ನಡೆಯುವುದು ತನ್ನಿಂದಾಗದು ಎಂದುಕೊಂಡು, ಮೂರನೇ ದಿನ ಕೋಟು ತೊಟ್ಟು ಹೊರಟ.

ಪೊಲೀಸ್ ಠಾಣೆಯಲ್ಲಿ ಅವನು ಎಲ್ಲವನ್ನೂ ಹೇಳಿದ, ಸರಳಿನ ಅಪ್ಪಣೆಯನ್ನೂ ಬಿಡಲಿಲ್ಲ. ಬರೆದುಕೊಳ್ಳುತ್ತಿದ್ದ ಅಧಿಕಾರಿಣಿ ತಲೆಯೆತ್ತಿ, ಬುಟ್ಟಿ ಹಿಡೀತಿದ್ದೋರು ಯಾರು ಎಂದು ಕೇಳಿದಳು.

“ನಾನೇ. ಬೇರೆಯವನು ಕಿವೀಲಿ ಮಿಷನ್ನು ಇಟ್ಕೊಂಡು ಬಂದಿದ್ರೆ, ನಾನೇ ನಗಾಡಿ ಕೀಳಿಸ್ತಿದ್ದೆ.”

ಆಮೇಲೆ ಶಿಬಿರದ ಉಳಿದ ನಲವತ್ತು ಜನರನ್ನು ಠಾಣೆಗೆ ಕರೆಸಿದರು. ಬುಟ್ಟಿಯೇ? ಯಾವ ಬುಟ್ಟಿ? ನಲವತ್ತು ಬಾಯಲ್ಲೂ ಒಂದೇ ಮಾತು. 1864ರ ಸಿಪಾಯಿಯ ಅಂಗಿಗೆ ಗುಂಡಿ ಎಷ್ಟು, ಚೀಲದೊಳಗೆ ರೊಟ್ಟಿ ಎಷ್ಟು ಎಂದು ನಿದ್ದೆಗಣ್ಣಲ್ಲೂ ಹೇಳಬಲ್ಲ ಮಹನೀಯರು ಇವರು. ಕಳೆದ ಶನಿವಾರ ಏನಾಯಿತು ಎಂಬುದು ಮಾತ್ರ ಒಬ್ಬರಿಗೂ ನೆನಪಿರಲಿಲ್ಲ. ಸತ್ತವರನ್ನು ಸ್ಮರಿಸುವುದೇ ತಮ್ಮ ಉದ್ದೇಶ ಎಂದು ಇವರು ಭಾಷಣ ಬೇರೆ ಮಾಡುತ್ತಾರೆ.

ಕೇಸು ಐಗಿಲ್ ಒಬ್ಬನ ತಲೆಗೇ ಬಂತು. ವಯಸ್ಸು ನೋಡಿ ಜೈಲಿಗೆ ಕಳಿಸಲಿಲ್ಲ. ಶಿಬಿರದವರು ಅವನ ಹೆಸರು ಹೊಡೆದುಹಾಕಿದರು.

ಮರುವರ್ಷ ಫೆಬ್ರವರಿಯಲ್ಲಿ ಕಳಿಸಿದವರ ಹೆಸರಿಲ್ಲದ ಲಕೋಟೆಯೊಂದು ಅವನಿಗೆ ಬಂತು. ಒಳಗೆ ಶಿಬಿರದ ಹೊಸ ನಿಯಮಗಳ ಪ್ರತಿ. ಮೊದಲನೆಯದು ಹೀಗಿತ್ತು: ‘ಮೊದಲಿನಿಂದಲೂ ನಡೆದುಬಂದಿರುವಂತೆ, ಕನ್ನಡಕ ಮತ್ತು ಶ್ರವಣಯಂತ್ರಗಳಿಗೆ ಅವಕಾಶವಿದೆ.’

ಐಗಿಲ್ ಅದನ್ನು ಎರಡು ಸಲ ಓದಿದ. ಕೆಳಗೆ ಪೆನ್ಸಿಲ್‌ನಲ್ಲಿ ‘ಇದು ಸುಳ್ಳು, ನನಗೆ ಗೊತ್ತು’ ಎಂದು ಬರೆದು, ತನ್ನ ಪೂರ್ತಿ ಹೆಸರು ಸೇರಿಸಿ, ಡೆಟ್ಲೆಫ್‌ನ ಹೆಂಡತಿಗೆ ಅಂಚೆಯಲ್ಲಿ ಕಳಿಸಿದ.

ಉತ್ತರ ಬರಲಿಲ್ಲ. ಏಪ್ರಿಲ್‌ನಲ್ಲಿ ಶಿಬಿರ ನಡೆಯಿತು.