ಅತ್ತೆಯ ಹಿತ್ತಾಳೆ ಪಾತ್ರೆಯ ಸಾರು

ಹಿಂದೂಪುರದಲ್ಲಿ ಹುಣಸೆಹಣ್ಣಿನ ವ್ಯಾಪಾರ ಮಾಡುವ ಮನೆಗೆ ಸೊಸೆಯಾಗಿ ಬಂದವಳು ಹುಳಿ ಬೇಡ ಅನ್ನುವಂತಿಲ್ಲ. ಹೊಸ ಹುಣಸೆ ಬಂದ ದಿನವೇ ನಮ್ಮತ್ತೆ ಸಾರು ಕಾಯಿಸಿ, ಕಲಾಯಿ ಹಾಕಿಸಿದ ಹಿತ್ತಾಳೆ ಪಾತ್ರೆಯಲ್ಲೇ ಮರುದಿನಕ್ಕೂ ಉಳಿಸುತ್ತಿದ್ದರು. ಹಳತಾದಷ್ಟೂ ರುಚಿ ಎಂಬುದು ಅವರ ನಂಬಿಕೆ. ಕಲ್ಯಾಣದುರ್ಗದ ಅವರ ತವರಿನಿಂದ ಮದುವೆಯಲ್ಲಿ ಬಂದ ಪಾತ್ರೆ ಅದು. ನನ್ನ ಸ್ಟೀಲ್ ಪಾತ್ರೆಗಳನ್ನು ಆಸ್ಪತ್ರೆ ಸಾಮಾನು ಎಂದು ಆಡಿಕೊಳ್ಳುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು, ಆದರೂ ಸಾರನ್ನು ಎರಡೆರಡು ಸಲ ಹಾಕಿಸಿಕೊಳ್ಳುತ್ತಿದ್ದೆ.

ಹೋದ ವರ್ಷ ನನ್ನ ಪುಟ್ಟ ಮಗಳು ಊಟ ಬಿಟ್ಟಳು. ಆಗಾಗ ಹೊಟ್ಟೆನೋವು, ಸುಮ್ಮಸುಮ್ಮನೆ ಸಿಟ್ಟು, ಕಲಿತ ಅಕ್ಷರವೂ ಮರೆತುಹೋಗುವುದು. ಜಂತುಹುಳದ ಔಷಧಿ ಆಯಿತು, ದೃಷ್ಟಿ ತೆಗೆದದ್ದೂ ಆಯಿತು. ಕೊನೆಗೆ ಬೆಂಗಳೂರಿನ ರೈಲು ಹತ್ತಿದೆವು.

ಮಗುವಿನ ರಕ್ತದಲ್ಲಿ ಸೀಸ ಇದೆ ಎಂದರು ಅಲ್ಲಿನ ಡಾಕ್ಟರಮ್ಮ. ಸ್ವಲ್ಪ ಇದ್ದರೆ ಪರವಾಗಿಲ್ಲ ಎಂದು ಹಿಂದೆಲ್ಲ ಡಾಕ್ಟರುಗಳೇ ಅಂದುಕೊಂಡಿದ್ದರಂತೆ. ಮಕ್ಕಳಿಗೆ ಎಷ್ಟು ಕಡಿಮೆಯಿದ್ದರೂ ಒಳ್ಳೆಯದಲ್ಲ ಎಂದು ಈಗ ಸಂಶೋಧಕರು ಹೇಳುತ್ತಾರಂತೆ. ಸೀಸ ಹುಡುಕುತ್ತ ಪೆಟ್ರೋಲು, ಬಣ್ಣಗಳ ಬೆನ್ನು ಹತ್ತಿದ್ದವರು ಈಗ ಅಡುಗೆಮನೆಗೂ ಇಣುಕುತ್ತಿದ್ದಾರಂತೆ. ನಾನು ಗೋಡೆಯ ಬಣ್ಣವನ್ನೂ ಬೀದಿಯ ಬ್ಯಾಟರಿ ಅಂಗಡಿಯನ್ನೂ ದೂರಿದೆ. ಮಗು ಎಲ್ಲಕ್ಕಿಂತ ಇಷ್ಟಪಟ್ಟು ತಿನ್ನುವುದೇನು, ಅದನ್ನು ಯಾವ ಪಾತ್ರೆಯಲ್ಲಿ ಮಾಡುತ್ತೀರಿ ಎಂದು ಡಾಕ್ಟರಮ್ಮ ಕೇಳಿದರು.

ಕಲಾಯಿಯ ತವರದಲ್ಲಿ ಸೀಸ ಬೆರೆತಿದ್ದರೆ ಹುಳಿ ಅದನ್ನು ಸಾರಿಗೆ ಬಿಡಿಸುತ್ತದಂತೆ. ಪಾತ್ರೆಯನ್ನು ಪರೀಕ್ಷೆಗೆ ಕೊಟ್ಟಾಗ ಅದೇ ನಿಜವಾಯಿತು.

ಅತ್ತೆಯ ಮುಂದೆ ಗೆದ್ದೆ ಎಂದು ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಅವರು ಕಂಬಕ್ಕೆ ಒರಗಿ ಕೂತುಬಿಟ್ಟರು.

"ನನ್ ಕೈಯಾರೆ ಮಗೀಗೆ ಉಣ್ಣಿಸ್ಬುಟ್ನಲ್ಲಮ್ಮ."

"ಇಬ್ರೂ ಸೇರೇ ಉಣ್ಣಿಸಿದ್ವಿ ಕಣತ್ತೆ," ಎಂದೆ.

ಮರುದಿನವೇ ಅವರು ಆ ಪಾತ್ರೆಗೆ ಮಣ್ಣು ತುಂಬಿ ಕನಕಾಂಬರದ ಗಿಡ ನೆಟ್ಟರು. ಡಾಕ್ಟರಮ್ಮ ಹೇಳಿದ ರಾಗಿ, ಹಾಲು, ನುಗ್ಗೆಸೊಪ್ಪು ಹಿಡಿದು ಮೊಮ್ಮಗಳ ಹಿಂದೆ ಮನೆಯೆಲ್ಲ ಓಡಾಡಿದರು. ಅಷ್ಟು ಸಾಲದೆ ಬೀದಿಗೆಲ್ಲ ಇನ್ಸ್‌ಪೆಕ್ಟರ್ ಆದರು. ಯಾರ ಮನೆಗೆ ಹೋದರೂ ನೆಟ್ಟಗೆ ಒಲೆಯ ಹತ್ತಿರ ಹೋಗಿ, ಕಲಾಯಿ ಪಾತ್ರೆಯಲ್ಲಿ ಹುಳಿ ಇಟ್ಟಿದ್ದೀರಾ ಎಂದು ವಿಚಾರಿಸುತ್ತಿದ್ದರು. ಅವರನ್ನು ಕಂಡರೆ ಹೆಂಗಸರು ಪಾತ್ರೆ ಬಚ್ಚಿಡುವಂತಾಯಿತು. ನಾನು ನಕ್ಕು ನಕ್ಕು ಸುಸ್ತಾದೆ. ಆದರೆ ಸಾರು ಮಾತ್ರ ಅವರು ಮಾಡಲೇ ಇಲ್ಲ. ಮಗಳೂ ತಟ್ಟೆಯಲ್ಲಿ ಅರ್ಧ ಬಿಡುತ್ತಲೇ ಇದ್ದಳು.

ಕೆಲವು ತಿಂಗಳ ಮೇಲೆ ಮತ್ತೆ ರಕ್ತಪರೀಕ್ಷೆ ಮಾಡಿಸಿದಾಗ ಸೀಸ ಚೆನ್ನಾಗಿ ಇಳಿದಿತ್ತು. ಸುದ್ದಿ ಕೇಳಿದ ಅತ್ತೆ ನೇರ ಅಡುಗೆಮನೆಗೆ ಹೋಗಿ, ನನ್ನ ಆಸ್ಪತ್ರೆ ಸಾಮಾನಿನಲ್ಲೇ ಹುಣಸೆ ಕಿವುಚಿದರು.

ಮಗಳು ಮೊದಲ ತುತ್ತು ಬಾಯಿಗಿಟ್ಟು ಮುಖ ಕಿವುಚಿದಳು. ಅತ್ತೆಯ ಕೈಯಲ್ಲಿ ಸೌಟು ಹಾಗೇ ನಿಂತಿತು.

"ಮುಂಚಿನಂಗಿಲ್ಲ ಕಣಜ್ಜಿ," ಎಂದಳು. ಬೆರಳು ನೆಕ್ಕಿ, ಖಾಲಿಯಾಗುವವರೆಗೂ ತಲೆಯೆತ್ತದೆ ಉಂಡಳು. ಆಮೇಲೆ ತಟ್ಟೆ ಮುಂದಕ್ಕೆ ತಳ್ಳಿ, ಅಜ್ಜಿಯಿಂದಲೇ ಕಲಿತ ತೆಲುಗಿನಲ್ಲಿ ಹೇಳಿದಳು:

"ಇಂಕಾ ಎಯ್ಯಿ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನಷ್ಟು ಬಡಿಸಿದರು.