ಮುಂದಿನ ಗಾಲಿಯ ನಟ್ಟು

ಸೈಕಲ್ ರೇಸಿನ ವಿಷಯದಲ್ಲಿ ನನ್ನಷ್ಟು ತಿಳಿದವರು ಇಡೀ ಗಾಂಧಿ ಚೌಕದಲ್ಲಿ ಯಾರೂ ಇಲ್ಲವೆಂದು ನಾನು ನಂಬಿದ್ದ ಕಾಲವದು. ಎಪ್ಪತ್ತರ ದಶಕದ ನಡುಭಾಗ. ವಿಜಯಪುರಕ್ಕೆ ಆಗ ನಾವು ಬಿಜಾಪುರ ಎನ್ನುತ್ತಿದ್ದೆವು. ಬಟ್ಟೆ ಅಂಗಡಿಯಲ್ಲಿ ನನ್ನ ಕೆಲಸ. ಅಂಗಡಿಗೆ ರಜೆಯಿದ್ದ ದಿನ ತಿಕೋಟಾ ರಸ್ತೆಯಲ್ಲಿ ಸವಾರಿ. ಇಟ್ಟಂಗಿಹಾಳದ ಕಡೆ ಹೋಗುವಾಗ ಎದುರುಗಾಳಿ ಉಸಿರು ತೆಗೆಯುತ್ತಿತ್ತು. ಮರಳುವಾಗ ಅದೇ ಗಾಳಿ ಬೆನ್ನಿಗೆ ಕೈಹಚ್ಚಿ ನೂಕುತ್ತಿತ್ತು. ಅಂಗಿ ಉಬ್ಬಿಸಿಕೊಂಡು, ಪೆಡಲ್ ತುಳಿಯದೆ ಕೂತು ಬರುವ ಆ ಸುಖಕ್ಕಾಗಿಯೇ ನಾನು ಹೋಗುತ್ತಿದ್ದೆ. ರೇಸಿಗಿಳಿಯಲು ಮಾತ್ರ ನನ್ನ ಕಾಲು ಸಾಲದು. ಬಾಯಿ ಸಾಲುತ್ತಿತ್ತು. ಎಲ್ಲಿ ರೇಸ್ ಇದ್ದರೂ ರಸ್ತೆಯ ಅಂಚಿಗೆ ನಿಂತು, ಯಾರು ಗೆಲ್ಲುತ್ತಾರೆಂದು ಕೇಳದವರಿಗೂ ಹೇಳುತ್ತಿದ್ದೆ.

ಅಕ್ಕನನ್ನು ಬಬಲೇಶ್ವರಕ್ಕೆ ಕೊಟ್ಟಿದ್ದೆವು. ಅವಳ ಗಂಡನನ್ನು ನಾನು ಮಾಮಾ ಎಂದು ಕರೆಯುತ್ತಿದ್ದೆ. ಲಿಂಬೆಹಣ್ಣಿನ ಚೀಲವನ್ನು ಕ್ಯಾರಿಯರಿಗೆ ಬಿಗಿದುಕೊಂಡು ವಾರಕ್ಕೆರಡು ಸಲ ಸೈಕಲ್ ಮೇಲೆಯೇ ಬಿಜಾಪುರದ ಪೇಟೆಗೆ ಬರುವ ಆಸಾಮಿ. ಚೀಲ ಹೊತ್ತೇ ಜೀಪಿನ ಬೆನ್ನು ಹತ್ತುವವನು ಬರಿ ಸೈಕಲ್ಲಿನಲ್ಲಿ ಏನು ಮಾಡಲಿಕ್ಕಿಲ್ಲ! ಬಿಜಾಪುರದಿಂದ ತಿಕೋಟಾಕ್ಕೆ ಹೋಗಿ ಬರುವ ರೇಸಿಗೆ ಅವನ ಹೆಸರನ್ನು ನಾನೇ ಬರೆಸಿದೆ. ಅಕ್ಕನಿಗೆ ಆಗ ಏಳು ತಿಂಗಳು.

“ಅವರನ್ನ ಎಲ್ಲಿಯರೆ ಬೀಳಿಸಿ ಕರಕೊಂಡ ಬಂದ್ರ ನನ್ನ ಮನ್ಯಾಗ ನಿನಗ ರೊಟ್ಟಿ ಇಲ್ಲ, ನೋಡಲೇ,” ಎಂದಿದ್ದಳು.

ರೇಸಿಗೆಂದೇ ಬೇರೆ ಸೈಕಲ್ ನಮ್ಮಂಥವರ ಬಳಿ ಎಲ್ಲಿಂದ ಬರಬೇಕು? ದುಡಿಯುವ ಸೈಕಲ್ಲನ್ನೇ ಹಿಂದಿನ ಸಂಜೆ ಬೋಳಿಸುವುದು ರೂಢಿ. ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡ್, ಗಂಟೆ, ಎಲ್ಲ ಕಳಚಬೇಕು. ಹಿಂದಿನ ದಿನವೇ ನಮ್ಮ ಮನೆಗೆ ಬಂದಿದ್ದ ಮಾಮಾನಿಗೆ ಕೈಹಚ್ಚಲು ಬಿಡದೆ ಆ ಕೆಲಸವನ್ನು ನಾನೇ ವಹಿಸಿಕೊಂಡೆ. ಮಡ್‌ಗಾರ್ಡಿನ ಕಡ್ಡಿಗಳು ಗಾಲಿಯ ಅಚ್ಚಿಗೇ ಸಿಕ್ಕಿರುವುದರಿಂದ, ಅದನ್ನು ತೆಗೆಯಲು ಗಾಲಿಯ ನಟ್ಟು, ವಾಷರ್ ಬಿಚ್ಚಿ, ಮತ್ತೆ ಹಾಕಿ ಬಿಗಿಯಬೇಕು. ಮುಂದಿನ ಗಾಲಿಗೆ ಬಂದಾಗ ನಮ್ಮ ಓಣಿಯವನೊಬ್ಬ, ನಿಮ್ಮ ಮಾಮಾ ಗೆಲ್ಲುವುದಿಲ್ಲ ಎಂದ. ನಾನು ಬಿಡುವವನೇ? ನಟ್ಟು ತಿರುಗಿಸುವ ಪಾನಾ ಹಿಡಿದ ಕೈಯನ್ನೇ ಬೀಸುತ್ತ ವಾದಕ್ಕೆ ನಿಂತೆ.

ಮರುದಿನ ಬೆಳಿಗ್ಗೆ ಊರ ಹೊರಗೆ ರೇಸ್ ಬಿಟ್ಟರು. ಕೂಗಿ ಕೂಗಿ ಬೆವತು, ಕರವಸ್ತ್ರಕ್ಕೆಂದು ಜೇಬಿಗೆ ಕೈಹಾಕಿದೆ. ಪಾನಾ ಬಂತು. ಅದರ ಜೊತೆಗೆ ಮುಂದಿನ ಗಾಲಿಯ ಎರಡು ವಾಷರ್. ನಟ್ಟು ಬಿಗಿದೆನೋ ಇಲ್ಲವೋ? ವಾದ ಮಾಡಿದ್ದು ಒಂದೊಂದು ಮಾತೂ ನೆನಪಿದೆ, ಬಿಗಿದದ್ದು ಮಾತ್ರ ನೆನಪಿಲ್ಲ.

ನನ್ನ ಹಳೆಯ ಸೈಕಲ್ ಹತ್ತಿ ಹಿಂದೆ ಬಿದ್ದೆ. ಎದುರುಗಾಳಿಯಲ್ಲಿ ಅವರನ್ನು ಹಿಡಿಯುವುದು ಆಗದ ಮಾತು. ಆದರೆ ಇದೇ ರಸ್ತೆಯಲ್ಲಿ ಮರಳಿ ಬರಲೇಬೇಕಲ್ಲ. ಇಟ್ಟಂಗಿಹಾಳದಲ್ಲಿ ಜನ ನನ್ನನ್ನೂ ರೇಸಿನವನೆಂದು ತಿಳಿದು, “ಎಲ್ಲಾರೂ ಹೋಗಿ ತಾಸಾತೋ ಯಪ್ಪಾ, ಮನಿಗೆ ನಡಿ!” ಎಂದು ನಕ್ಕರು. ನಾನು ತಲೆ ತಗ್ಗಿಸಿ ಇನ್ನಷ್ಟು ಜೋರಾಗಿ ತುಳಿದೆ. ಕಣ್ಣ ಮುಂದೆ ಗಾಲಿ ಕಳಚಿದ ಸೈಕಲ್, ಅದರಾಚೆ ಅಕ್ಕ.

ಇನ್ನೂ ಎರಡು ಮೈಲಿ ತುಳಿದಿರಬೇಕು, ದೂರದಲ್ಲಿ ಅವರು ಕಾಣಿಸಿದರು. ಎಲ್ಲರಿಗಿಂತ ಮುಂದೆ ಮಾಮಾ! ಎರಡನೆಯವನು ಹತ್ತು ಮಾರು ಹಿಂದೆ. ಇವನನ್ನು ನಿಲ್ಲಿಸಿದರೆ ರೇಸ್ ಹೋಯಿತು, ನಿಲ್ಲಿಸದಿದ್ದರೆ ಜೀವಕ್ಕೇ ಬಂತು. ಸೈಕಲ್ಲನ್ನು ಬದಿಗೆಸೆದು ರಸ್ತೆಯ ನಡುವೆ ನಿಂತೆ.

“ಮಾಮಾ, ನಿಂದ್ರು! ಮುಂದಿನ ಗಾಲಿ ಸಡ್ಲ ಐತಿ!”

ಅವನು ನನ್ನನ್ನು ತಪ್ಪಿಸಲು ಹೋಗಿ ರಸ್ತೆ ಬಿಟ್ಟು ಎರೆಮಣ್ಣಿಗಿಳಿದ. ಗಾಲಿ ಹೂತಿತು, ಕಾಲು ಊರಿದ. ಅಷ್ಟರಲ್ಲಿ ಎರಡನೆಯವನು ದಾಟಿ ಹೋದ.

“ಹಾದಿ ಬಿಡಲೇ ಹುಚ್ಚಾ! ಏನೂ ಸಡ್ಲ ಇಲ್ಲ!” ಎಂದು ಸೈಕಲ್ಲನ್ನು ರಸ್ತೆಗೆ ಎಳೆದುಕೊಂಡು ಮತ್ತೆ ಹಾರಿ ಕೂತ.

ಮರಳುವಾಗ ಗಾಳಿ ಎಂದಿನಂತೆ ನೂಕುತ್ತಿತ್ತು. ಅದರ ಸುಖ ಯಾರಿಗೆ ಬೇಕಿತ್ತು? ಅವನ ಮಾತನ್ನು ನಾನು ನಂಬಿರಲಿಲ್ಲ. ರಸ್ತೆಯ ಬದಿ ನಾಲ್ಕು ಜನ ಗುಂಪಾಗಿ ನಿಂತದ್ದು ಕಂಡರೆ ಸಾಕು, ಇಲ್ಲೇ ಬಿದ್ದಿದ್ದಾನೆ ಎಂದುಕೊಳ್ಳುತ್ತಿದ್ದೆ.

ರೇಸ್ ಬಿಟ್ಟ ಜಾಗಕ್ಕೆ ಬಂದು ನೋಡಿದರೆ, ಮಾಮಾ ಬೇವಿನ ಮರದ ಕೆಳಗೆ ಕೂತು ಕಬ್ಬಿನ ಹಾಲು ಕುಡಿಯುತ್ತಿದ್ದ. ಹೋದ ಜೀವ ಬಂದಂತಾಯಿತು. ಎಷ್ಟನೆಯವನಾಗಿ ಬಂದನೆಂದು ಕೇಳಲೂ ಇಲ್ಲ. ನೇರ ಹೋಗಿ ಮುಂದಿನ ಗಾಲಿ ಹಿಡಿದು ಅಲುಗಾಡಿಸಿದೆ. ಜಪ್ಪಯ್ಯ ಎಂದರೂ ಅಲುಗಲಿಲ್ಲ.

“ನಸುಕಿನ್ಯಾಗ ಎದ್ದು ಎಲ್ಲಾ ನಟ್ಟು ನಾನ ಬಿಗದೇನಿ,” ಎಂದ. “ಮುಂದಿನವು ಎರಡೂ ಕೈಲೆ ತಿರಗತಿದ್ದೂ.”

“ಮತ್ತ ನನಗ್ಯಾಕ ಹೇಳಲಿಲ್ಲ?”

“ಅಷ್ಟು ಹುರುಪಿಲೆ ಮಾಡಿದ್ದಿ. ಹೇಳಿದ್ರ ಮನಸ್ಸಿಗೆ ಹಚ್ಚಿಕೋತಿ ಅಂತ ಸುಮ್ಮನಾದ್ನಿ.”

ನನಗೆ ಅಳು ಬಂತು, ತಡೆಯದೆ ಅತ್ತೆ. ಆಗ ಓಣಿಯವರೆಲ್ಲ ಬಂದು ಸುತ್ತುವರಿದರು. ಮಾಮಾ ಅರ್ಧ ಗಾಲಿಯ ಅಂತರದಲ್ಲಿ ಎರಡನೆಯವನಾಗಿದ್ದನಂತೆ.

“ಗೆಲ್ಲೂ ರೇಸು ಹ್ಯಾಂಗ ಬಿಟ್ರಿ?” ಎಂದು ಒಬ್ಬ ಕೇಳಿದ.

ಮಾಮಾ ಗ್ಲಾಸು ಕೆಳಗಿಟ್ಟು ಬಾಯಿ ಒರೆಸಿಕೊಂಡ. “ಒಂದು ನಾಯಿ ಅಡ್ಡ ಬಂತರಿ,” ಎಂದ.

ನಾನು ಅವನ ಪಕ್ಕದಲ್ಲೇ ನಿಂತಿದ್ದೆ. ಅವನ ಮೊಣಕಾಲು, ಮೊಣಕೈ ನೋಡಿದೆ. ಎಲ್ಲೂ ಒಂದು ಗೀರು ಸಹ ಇರಲಿಲ್ಲ. “ಹೌದು, ನಾನೂ ನೋಡಿದ್ನಿ, ನಾಯಿನ ಅದು,” ಎಂದು ಎಲ್ಲರೆದುರು ಸಾಕ್ಷಿ ಹೇಳಿದೆ.