ಕಾಣದ ಬೆಂಕಿಯ ಪಾಳಿ

ಸಂಡೂರು ಸೀಮೆಯ ವಡ್ಡು ಎಂಬ ಊರಿನ ಕಡೆಯ ಒಂದು ಸಣ್ಣ ರಾಸಾಯನಿಕ ಕಾರ್ಖಾನೆಯ ಪ್ರಯೋಗಾಲಯದಲ್ಲಿ ನಾನು ಹದಿನೆಂಟು ವರ್ಷದಿಂದ ಡಾಂಬರು ಪರೀಕ್ಷೆ ಮಾಡುತ್ತಿದ್ದೇನೆ. ಉಕ್ಕಿನ ಕುಲುಮೆಗಾಗಿ ಕಲ್ಲಿದ್ದಲನ್ನು ಗಾಳಿ ತಾಗದಂತೆ ಕಾಯಿಸಿ ಕೋಕ್ ಮಾಡುವಾಗ ಹೊರಬರುವ ಕಪ್ಪು ಡಾಂಬರು ಟ್ಯಾಂಕರುಗಳಲ್ಲಿ ನಮ್ಮಲ್ಲಿಗೆ ಬರುತ್ತದೆ. ಅದನ್ನು ಕಾಯಿಸಿ, ಬಟ್ಟಿಯಿಳಿಸಿ, ಎಣ್ಣೆಗಳನ್ನು ಬೇರೆ ಮಾಡುತ್ತೇವೆ. ಬಟ್ಟೆಯ ಪೆಟ್ಟಿಗೆಯಲ್ಲಿಡುವ ನುಸಿಗುಳಿಗೆಯ ಸರಕು ಕೂಡ ಅದರಿಂದಲೇ ಬರುವುದು. ಹೊಸಪೇಟೆಯ ಮನೆಯಲ್ಲಿ ನನ್ನ ಸೀರೆಗಳನ್ನು ಬೇರೆ ಬಕೆಟ್ಟಿನಲ್ಲಿ ನೆನೆಸುತ್ತೇನೆ. ಎಷ್ಟು ಒಗೆದರೂ ವಾಸನೆ ಹೋಗುವುದಿಲ್ಲ. ಮದುವೆಗಳಲ್ಲಿ ಪಕ್ಕದ ಹೆಂಗಸರು, "ಸೀರಿ ಈಗ ಪೆಟ್ಟಿಗ್ಯಾಗಿಂದ ತಗದ್ರೇನ್ರಿ?" ಎಂದು ಕೇಳುತ್ತಾರೆ. ಹೂಂ ಎಂದುಬಿಡುತ್ತೇನೆ.

ಬಟ್ಟಿಯ ಹತ್ತಿರ ಇದ್ದವರು ಒಬ್ಬ ಹಿರಿಯ ಆಪರೇಟರ್. ವಡ್ಡುವಿನವರೇ, ಹೊಲ ಬಿಟ್ಟು ಕಾರ್ಖಾನೆಗೆ ಬಂದವರು. ನಾನು ಅವರನ್ನು ಅಣ್ಣಾ ಎನ್ನುತ್ತಿದ್ದೆ, ಅವರು ನನ್ನನ್ನು ಮೇಡಂ ಎನ್ನುತ್ತಿದ್ದರು. ಯಾವ ಪೈಪು ಸೋರುತ್ತಿದೆ ಎಂಬುದನ್ನು ಮೂಗಿನಿಂದಲೇ ಹೇಳುತ್ತಿದ್ದರು. ಎಷ್ಟೋ ಸಲ ನನ್ನ ಪರೀಕ್ಷೆಯ ಫಲಿತಾಂಶ ಬರುವ ಮೊದಲೇ ಅವರು ವಾಲ್ವ್ ತಿರುಗಿಸಿ ಬಂದಿರುತ್ತಿದ್ದರು.

ಎರಡು ವರ್ಷದ ಹಿಂದೆ ನಮ್ಮ ಕಾರ್ಖಾನೆಯ ಹಿಂಭಾಗದಲ್ಲಿ ಹೊಸ ಘಟಕ ಬಂತು. ಸೌರ ವಿದ್ಯುತ್ತಿನಿಂದ ನೀರನ್ನು ಒಡೆದು ಹೈಡ್ರೋಜನ್ ತೆಗೆಯುವುದು. ಮುಂದೆ ಕಲ್ಲಿದ್ದಲಿನ ಕೆಲಸವನ್ನು ಇದೇ ಮಾಡುತ್ತದೆ, ಡಾಂಬರಿನ ಕಾಲ ಮುಗಿಯಿತು ಎಂದು ಮ್ಯಾನೇಜರು ಸಭೆ ಕರೆದು ಹೇಳಿದರು. ಚಪ್ಪಾಳೆ ತಟ್ಟಿದೆವು. ಆಮೇಲೆ ನಮ್ಮಿಬ್ಬರನ್ನೂ ಅಲ್ಲಿಗೆ ಹಾಕಿದರು. ಆದರೆ ಡಾಂಬರಿನ ಟ್ಯಾಂಕರುಗಳು ನಿಲ್ಲಲಿಲ್ಲ. ಬೆಳಗ್ಗೆ ಡಾಂಬರಿನ ಮಾದರಿ, ಮಧ್ಯಾಹ್ನ ಹೊಸ ಘಟಕದ ನೀರು. ನನಗೆ ಎರಡು ಕೆಲಸವಾಯಿತು. ಸಂಜೆ ಬಸ್ಸಿನಲ್ಲಿ ಕುಳಿತರೆ ಸಂಡೂರು ಗುಡ್ಡಗಳ ಕಡೆ ನೋಡುವಷ್ಟೂ ತ್ರಾಣ ಇರುತ್ತಿರಲಿಲ್ಲ.

ತರಬೇತಿಗೆ ಬಂದ ಎಂಜಿನಿಯರು ಮೊದಲ ದಿನವೇ ಎಚ್ಚರಿಸಿದ್ದರು. ಹೈಡ್ರೋಜನ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಹೊತ್ತಿಕೊಂಡರೂ ಹಗಲಿನಲ್ಲಿ ಆ ಬೆಂಕಿ ಕಣ್ಣಿಗೆ ಬೀಳುವುದಿಲ್ಲ. ಹಿಂದೆಲ್ಲ ಕೆಲಸಗಾರರು ಕಸಬರಿಗೆಯನ್ನು ಮುಂದೆ ಹಿಡಿದು ನಡೆಯುತ್ತಿದ್ದರು, ಈಗ ಅದನ್ನು ಪತ್ತೆಹಚ್ಚುವ ಡಿಟೆಕ್ಟರ್ ಇದೆ ಎಂದರು.

"ವಾಸನಿ ಇಲ್ಲ, ಬಣ್ಣ ಇಲ್ಲ. ನಾ ಏನ್ ನೋಡಿ ಕಾಯ್ಲಿರಿ ಮೇಡಂ?" ಎಂದು ಅಣ್ಣ ನನ್ನ ಕಿವಿಯಲ್ಲಿ ಕೇಳಿದರು. ಮರುದಿನ ಮನೆಯಿಂದ ಒಂದು ಕಸಬರಿಗೆ ತಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಬೇಸಿಗೆಯ ಒಂದು ಮಧ್ಯಾಹ್ನ. ಎರಡು ಡಿಟೆಕ್ಟರುಗಳನ್ನು ಸರಿಪಡಿಸಲು ಬಿಚ್ಚಿದ್ದರು. ಆದರೂ ಯಾರೋ ನೋಡಲು ಬರುವವರಿದ್ದಾರೆಂದು ಘಟಕವನ್ನು ಚಾಲೂ ಮಾಡಿಸಿದರು. ಅನಿಲದ ಮಾದರಿ ತರಲು ನಾನು ಪೈಪುಗಳ ನಡುವಿನ ಓಣಿಗೆ ಹೊರಟೆ. ಹಿಂದಿನಿಂದ ಅಣ್ಣ ಕೂಗಿದರು, "ನಿಂದರ್ರಿ ಮೇಡಂ! ನನ್ನ ಮುಂದ ಹೋಗ್ಬ್ಯಾಡ್ರಿ."

"ಏನಾತಣ್ಣಾ? ಏನೂ ಕಾಣವಲ್ದು."

"ಕಾಣಂಗಿಲ್ಲ ಅಂತನ ಹೇಳಾಕತ್ತೀನಿ. ಸಪ್ಪಳ ಕೇಳ್ರಿ."

ಕೇಳಿದೆ. ಹಾವು ಬುಸುಗುಟ್ಟಿದಂಥ ಸಣ್ಣ ಸದ್ದು. ಮುಂದೆ ಬರೀ ಬಿಸಿಲು, ಖಾಲಿ ಓಣಿ. ಅವರು ಕಸಬರಿಗೆಯನ್ನು ಉದ್ದಕ್ಕೆ ಚಾಚಿ ಒಂದೊಂದೇ ಹೆಜ್ಜೆ ಇಟ್ಟರು. ನಾಲ್ಕನೆಯ ಹೆಜ್ಜೆಗೆ ಕಸಬರಿಗೆಯ ತುದಿ ತಾನಾಗಿ ಭಗ್ಗನೆ ಹೊತ್ತಿಕೊಂಡಿತು. ನಾನು ಹೋಗಬೇಕಿದ್ದ ದಾರಿಗೆ ಅಡ್ಡವಾಗಿ, ನನ್ನ ಎದೆಯ ಮಟ್ಟದಲ್ಲಿ.

ಅಣ್ಣ ಕಸಬರಿಗೆ ಎಸೆದು, ನನ್ನ ರಟ್ಟೆ ಹಿಡಿದು ಎಳೆದರು. "ಜಲ್ದಿ ಬಂದ್ ಮಾಡ್ರಲೇ!" ಎಂದು ಕಂಟ್ರೋಲ್ ರೂಮಿನ ಕಡೆ ಓಡಿದರು. ಘಟಕ ನಿಂತಿತು. ಸದ್ದು ಅಡಗಿತು. ಯಾರಿಗೂ ಏನೂ ಆಗಲಿಲ್ಲ. ಹೊರಗೆ ಬೇವಿನ ಮರದ ಕೆಳಗೆ ಕುಳಿತು ಒಂದು ಚೊಂಬು ನೀರು ಕುಡಿದೆ.

ವರದಿಯಲ್ಲಿ 'ನಿತ್ಯದ ತಪಾಸಣೆಯಲ್ಲಿ ಸೋರಿಕೆ ಪತ್ತೆಯಾಯಿತು' ಎಂದು ಬರೆದಿದ್ದರು. ನಾನು ಸಹಿ ಮಾಡಲಿಲ್ಲ. ಬಿಚ್ಚಿದ ಡಿಟೆಕ್ಟರು, ಕಸಬರಿಗೆ, ಅಣ್ಣನ ಕೂಗು ಎಲ್ಲವನ್ನೂ ಬೇರೆ ಹಾಳೆಯಲ್ಲಿ ಬರೆದು ಕೊಟ್ಟೆ. ಮ್ಯಾನೇಜರು ಮೂರು ದಿನ ಅದನ್ನು ಮೇಜಿನ ಮೇಲೇ ಇಟ್ಟುಕೊಂಡರು. ನಾಲ್ಕನೆಯ ದಿನ, ಡಿಟೆಕ್ಟರ್ ಇಲ್ಲದೆ ಘಟಕ ಚಾಲೂ ಮಾಡಬಾರದೆಂಬ ಆದೇಶವನ್ನು ಗೋಡೆಗೆ ಅಂಟಿಸಿದರು. ಇವತ್ತಿಗೂ ಅದು ಪಾಲನೆಯಾಗುತ್ತಿದೆ. ಅಷ್ಟಾಯಿತು.

ಆದರೆ ಅಣ್ಣ ತಮ್ಮನ್ನು ಡಾಂಬರಿಗೇ ವಾಪಸು ಹಾಕಿರಿ ಎಂದು ಅರ್ಜಿ ಕೊಟ್ಟರು. ಕ್ಯಾಂಟೀನಿನಲ್ಲಿ ಎದುರು ಕುಳಿತು ಯಾಕೆಂದು ಕೇಳಿದೆ.

"ಡಾಂಬರು ಹೇಳಿ ಬರ್ತೈತ್ರಿ ಮೇಡಂ. ಕೊಲ್ಲಾಕ ಬಂದ್ರೂ ವಾಸನಿ ಕೊಟ್ಟು ಬರ್ತೈತಿ."

"ಆ ವಾಸನಿನ ಕೊಲ್ಲೂದು ಅಣ್ಣಾ. ದಿನಾ ಸ್ವಲ್ಪ ಸ್ವಲ್ಪ. ನಾ ಪರೀಕ್ಷೆ ಮಾಡಾಕಿ, ನನಗ ಗೊತ್ತೈತಿ."

ಅವರು ತಟ್ಟೆಯ ಅನ್ನ ಕಲಸುತ್ತಲೇ, "ನನಗೂ ಗೊತ್ತೈತ್ರಿ," ಎಂದರು.

ನಿವೃತ್ತಿಯವರೆಗೂ ಅವರು ಬಟ್ಟಿಯ ಬಳಿಯೇ ಇದ್ದರು.

ಹೋದ ತಿಂಗಳು ವಡ್ಡುವಿಗೆ ಅವರ ಮನೆಗೆ ಹೋಗಿದ್ದೆ. ಬಾಗಿಲಿನಿಂದ ಒಳಗೆ, ನೆರಳಿನಲ್ಲಿ ಕುಳಿತಿದ್ದರು. ವರ್ಷಗಟ್ಟಲೆ ಡಾಂಬರಿನ ಹೊಗೆ ತಾಗಿದ ಚರ್ಮಕ್ಕೆ ಬಿಸಿಲು ತಡೆಯುವುದಿಲ್ಲ, ಮುಖ ಉರಿಯುತ್ತದೆ. ಮನೆಯವರು ಕೊಬ್ಬರಿ ಎಣ್ಣೆ ಹಚ್ಚುತ್ತಾರಂತೆ.

"ಬರ್ರಿ ಮೇಡಂ, ಕುಂದರ್ರಿ. ಹೊಸಾದು ಹೆಂಗ ನಡದೈತಿ?"

"ನಡದೈತಣ್ಣಾ. ಹಳೇದೂ ನಡದೈತಿ."

ಅವರು ಕೇಳಿದರು, "ನಿಮ್ಮನ್ನ ಅಲ್ಲೇ ಬಿಟ್ಟು ಬಂದೆ ಅಂತ ಸಿಟ್ಟೇನ್ರಿ?"

"ಸಿಟ್ಟಿಲ್ಲ. ಭಾಳ ಸಾಕಾಗೇತಿ, ಅಷ್ಟ."

"ಹಂಗಾರ ಉಂಡ ಹೋಗ್ರಿ," ಎಂದು ಅವರು ಒಳಗೆ ತಿರುಗಿ ಹೆಂಡತಿಗೆ ಇನ್ನೊಂದು ತಟ್ಟೆ ಇಡಲು ಹೇಳಿದರು. ರೊಟ್ಟಿ, ಪುಂಡಿಪಲ್ಲೆ ಇತ್ತು. ಎರಡು ಸಲ ಹಾಕಿಸಿಕೊಂಡು ಉಂಡೆ. ಆಮೇಲೆ ಆ ತಾಯಿ ಚಾಪೆ ಹಾಸಿಕೊಟ್ಟರು. ಬಸ್ಸಿಗೆ ಇನ್ನೂ ಹೊತ್ತಿತ್ತು. ಮಲಗಿದೆ.